ಕರಿ ಆಯಿಲ್ ಮತ್ತು ಹಿಂದಿನ ಸೀಟು

ಸುಟ್ಟ ಎಂಜಿನ್ ಆಯಿಲ್ ಕಂಡರೆ ನನಗೀಗ ವಾಕರಿಕೆ ಬರುತ್ತದೆ. ಗ್ಯಾರೇಜಿನ ಮುಂದೆ ಹಾದುಹೋಗುವಾಗ ಆ ವಾಸನೆ ಮೂಗಿಗೆ ಬಡಿದರೆ ಮುಖ ಸಿಂಡರಿಸಿಕೊಂಡು ದಾಟುತ್ತೇನೆ. ಅದೇ ಆಯಿಲನ್ನು ವರ್ಷ ವರ್ಷ ಡಬ್ಬದಲ್ಲಿ ಬೇಡಿ ತಂದು ನನ್ನ ಬೈಕಿಗೆ ಬಳಿದವನೂ ನಾನೇ.

ನಮ್ಮ ಕೊಪ್ಪದ ಕಡೆ ಇದೊಂದು ವ್ರತ. ಮೇ ತಿಂಗಳು ಮುಗಿಯುತ್ತ ಬಂದಂತೆ, ಮಳೆಗೆ ಕಬ್ಬಿಣ ತುಕ್ಕು ಹಿಡಿಯಬಾರದೆಂದು ಜನ ಗ್ಯಾರೇಜಿನಿಂದ ಕರಿ ಆಯಿಲ್ ತಂದು, ಒಂದಿಷ್ಟು ಡೀಸೆಲ್ ಬೆರೆಸಿ, ಗಾಡಿಯ ಹೊಟ್ಟೆಗೆಲ್ಲ ಬ್ರಷ್ಷಿನಲ್ಲಿ ಹೊಡೆಯುತ್ತಾರೆ. ಜೀಪು, ಬೈಕು, ಟಿಲ್ಲರ್ ಯಾವುದನ್ನೂ ಬಿಡುವುದಿಲ್ಲ. ನಾನಂತೂ ಇದರಲ್ಲಿ ಎತ್ತಿದ ಕೈ. ಹಿಂಚಕ್ರದ ಎರಡು ಪಕ್ಕದ ಶಾಕ್ ಅಬ್ಸಾರ್ಬರ್‌ಗಳ ಸ್ಪ್ರಿಂಗಿನ ಸಂದುಸಂದಿಗೂ ಬ್ರಷ್ ತೂರಿಸುತ್ತಿದ್ದೆ. "ಎಣ್ಣೆಶಾಸ್ತ್ರ ಆಯ್ತಾ ಮದುಮಗಂಗೆ?" ಎಂದು ಪಕ್ಕದ ಅಂಗಡಿಯವರು ಕೀಟಲೆ ಮಾಡಿದರೆ ಇನ್ನೂ ಒಂದು ಕೈ ಹೆಚ್ಚಿಗೆ ಬಳಿಯುತ್ತಿದ್ದೆ.

ದೂರದ ಪ್ರಯಾಣಕ್ಕೆಂದೇ ಮಾಡಿದ ಭಾರೀ ಬೈಕು ಅದು. ಗೊಬ್ಬರದ ಅಂಗಡಿಯಲ್ಲಿ ವರ್ಷವಿಡೀ ಯೂರಿಯಾ ಮೂಸುವ ನನಗೆ ಅದೊಂದೇ ಶೋಕಿ. ಹೆಂಡತಿಗೂ ತಿರುಗಾಟವೆಂದರೆ ಪ್ರಾಣ. ಹಂಪಿಗೆ ಹೋಗಿ ಬಂದೆವು, ಕನ್ಯಾಕುಮಾರಿಗೆ ಹೋಗಿ ಬಂದೆವು. ಹಿಂದೆ ಕೂತು ಅವಳು ದಾರಿಯುದ್ದಕ್ಕೂ ಮಾತಾಡುತ್ತಿದ್ದಳು. ಆ ಮಾತು ಯಾವಾಗ ನಿಂತಿತೆಂದು ನನಗೆ ಗೊತ್ತಾಗಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಗೊತ್ತಾಗಲಿಲ್ಲ.

ಮಾತಿನ ಬದಲು ದೂರು ಶುರುವಾಯಿತು. "ಸೊಂಟಕ್ಕೇ ಕುಟ್ಟತ್ತೆ ಮಾರಾಯ್ರೆ" ಎನ್ನುವಳು. "ಹೊಂಡ ಬಂದಾಗ ಸ್ವಲ್ಪ ಎದ್ದು ಕೂತ್ಕೋ" ಎನ್ನುವೆ. ಎದ್ದು ಕೂತರೂ ಕುಟ್ಟುತ್ತದೆ ಎಂದಳು. ರಸ್ತೆ ಹಾಗಿದೆ ಎಂದೆ. ನಿನಗೆ ಕೂರುವ ಕ್ರಮ ಗೊತ್ತಿಲ್ಲ ಎಂದೆ. ಕೊನೆಗೊಂದು ದಿನ, ನಾಲ್ಕು ಜನರೆದುರು, "ತೂಕ ಇಳಿಸು, ಎಲ್ಲ ಸರಿಯಾಗತ್ತೆ" ಎಂದು ನಗೆ ಬೇರೆ ಹಾರಿಸಿದೆ. ಜನ ನಕ್ಕರು. ಅವಳೂ ನಕ್ಕಳು. ಆ ನಗು ನೆನಪಾದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ಬಾಯಿ ಮುಚ್ಚಿಸಲೆಂದು ಊರಿನ ಮೆಕ್ಯಾನಿಕ್ ಹತ್ತಿರ ಒಮ್ಮೆ ಒಯ್ದೆ. ಅವನು ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡೇ ಸೀಟನ್ನು ಕೈಯಲ್ಲಿ ಎರಡು ಸಲ ಅದುಮಿದ. ಶಾಕ್ ಸೋರುತ್ತಿದೆಯಾ ಎಂದು ಬಗ್ಗಿ ನೋಡಿದ. ಏನು ಕಂಡೀತು? ಎಲ್ಲ ಕಡೆ ನಾನು ಬಳಿದ ಆಯಿಲೇ ಜಿಗುಟಾಗಿ ಅಂಟಿಕೊಂಡಿತ್ತು. "ಇದಕ್ಕೆ ಎಂತ ಆಗ್ಲಿಲ್ಲ ಮಾರಾಯ್ರೆ, ಟೈಟ್ ಮಾಡಿ ಕೊಡ್ತೆ" ಎಂದು ಉಳಿ, ಸುತ್ತಿಗೆ ತಗೊಂಡು ಸ್ಪ್ರಿಂಗಿನ ಬುಡದ ಬಳೆಯನ್ನು ಕುಟ್ಟಿ ಕುಟ್ಟಿ ಕೊನೆಯ ಹಲ್ಲಿಗೆ ಕೂರಿಸಿದ. "ಈಗ ಗಟ್ಟಿ ಆಯ್ತು ನೋಡಿ." ಗಟ್ಟಿ ಎಂದರೆ ಒಳ್ಳೆಯದು ಎಂದುಕೊಂಡ ಇಬ್ಬರು ಪೆದ್ದರು ಖುಷಿಯಾಗಿ ಕೈ ಒರೆಸಿಕೊಂಡೆವು.

ಮರುವಾರ ಶೃಂಗೇರಿ ದಾಟಿ ನೆಮ್ಮಾರಿಗೆ ಒಂದು ಗೃಹಪ್ರವೇಶಕ್ಕೆ ಹೊರಟೆವು. ದಾರಿಯಲ್ಲಿ ಚಕ್ರ ಒಂದು ಹೊಂಡಕ್ಕೆ ಇಳಿದು ಎದ್ದಿತು. ಹಿಂದಿನಿಂದ ಒಂದು ಸದ್ದು ಬಂತು. ಕೂಗಲ್ಲ, ಉಸಿರು ಕಟ್ಟಿದ ಸದ್ದು. "ನಿಲ್ಸಿ" ಎಂದಳು. ಇಳಿದವಳು ಸೊಂಟ ಹಿಡಿದುಕೊಂಡು ಮೋರಿಕಟ್ಟೆಯ ಮೇಲೆ ಕೂತಳು. ರೇಷ್ಮೆ ಸೀರೆ, ಬೆವರಿದ ಮುಖ. "ಇನ್ನು ನಾ ಇದ್ರಲ್ಲಿ ಕೂರಲ್ಲ" ಎಂದಳು. ಊಟಕ್ಕೆ ತಡವಾಗುತ್ತದೆ ಎಂದು ನಾನು ಗಡಿಯಾರ ನೋಡಿದೆ.

ಆಮೇಲೆ ಎಂಟು ತಿಂಗಳು ಅವಳು ಬೈಕ್ ಮುಟ್ಟಲಿಲ್ಲ. ಶೆಟ್ಟಿಕೊಪ್ಪದಲ್ಲಿರುವ ಅವಳ ಅಕ್ಕನ ಮನೆಗೆ ಇಬ್ಬರೂ ಹೋಗುವುದಿದ್ದರೆ ಅವಳು ಬಸ್ಸಿನಲ್ಲಿ, ನಾನು ಹಠಕ್ಕೆ ಬೈಕಿನಲ್ಲಿ. ಅಲ್ಲಿ ಅಕ್ಕ ನನ್ನ ಹಿಂದಿನ ಖಾಲಿ ಸೀಟು ನೋಡುವರು, ನನ್ನನ್ನು ನೋಡುವರು, ಕಾಫಿ ಕೊಡುವರು. ಹೆಂಡತಿ ಮತ್ತೆ ಹಿಂದೆ ಕೂರಬೇಕು ಎಂಬುದೊಂದೇ ನನಗೆ ಬೇಕಿದ್ದದ್ದು. ಅದಕ್ಕೆ ಅವಳು ಬದಲಾಗಬೇಕು ಎಂದೇ ನಂಬಿದ್ದೆ.

ಹಾಗೊಂದು ದಿನ ಅಲ್ಲಿಂದಲೇ ನರಸಿಂಹರಾಜಪುರಕ್ಕೆ ಚೈನ್ ಬದಲಿಸಲು ಹೋದೆ. ಅಲ್ಲಿಯ ಮೆಕ್ಯಾನಿಕ್ ವಯಸ್ಸಾದವರು, ಮಾತು ಕಡಿಮೆ. ನಾನು ಬಂದು ನಿಲ್ಲುವುದನ್ನು ನೋಡುತ್ತಿದ್ದರು. "ಹಿಂದೆ ಕುಣೀತಿದೆಯಲ್ಲ" ಎಂದರು. "ನಮ್ಮನೆಯವಳೂ ಹಾಗೇ ಅಂತಾಳೆ" ಎಂದೆ. ಅವರು ಕೀ ಈಸಿಕೊಂಡು ಹತ್ತಿ ಕೂತರು. "ನೀವು ಹಿಂದೆ ಕೂತ್ಕಳಿ."

ನನ್ನ ಬೈಕಿನ ಹಿಂದಿನ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು.

ಎರಡು ಫರ್ಲಾಂಗು ಹೋಗಿರಬೇಕು. ಅವರು ಬೇಕೆಂದೇ ಒಂದು ಸಣ್ಣ ಹೊಂಡಕ್ಕೆ ಇಳಿಸಿದರು. ಏಟು ಬಾಲಮೂಳೆಯಿಂದ ಹೊರಟು ಹಲ್ಲಿನವರೆಗೆ ಬಂತು. ಅದು ಮುಗಿಯುವಷ್ಟರಲ್ಲಿ ಸೀಟು ಮೇಲಕ್ಕೆ ಚಿಮ್ಮಿ ಎರಡನೆಯ ಏಟು ಕೊಟ್ಟಿತು. ಮುಂದಿನ ಸೀಟಿನಲ್ಲಿ ಇದರ ಕಾಲುಭಾಗವೂ ತಿಳಿಯುತ್ತಿರಲಿಲ್ಲ. ಮೂರನೆಯ ಹೊಂಡಕ್ಕೆ "ಸಾಕು, ನಿಲ್ಸಿ" ಎಂದು ನಾನೇ ಕೂಗಿದೆ.

ಗ್ಯಾರೇಜಿನಲ್ಲಿ ಸೀಮೆಎಣ್ಣೆ ಹಾಕಿ ಶಾಕ್ ಉಜ್ಜಿದಾಗ ಮಣ್ಣು ಮತ್ತು ಆಯಿಲಿನ ಕರಿ ಹೊಲಸು ಗಂಜಿಯಂತೆ ಇಳಿಯಿತು. ಒರೆಸಿದ ಹತ್ತು ನಿಮಿಷಕ್ಕೆ ರಾಡಿನ ಬುಡದಲ್ಲಿ ಹೊಸ ಎಣ್ಣೆ ಜಿನುಗಿ ನಿಂತಿತು. ಕುಲುಕಾಟ ತಡೆಯಲು ಶಾಕಿನೊಳಗೇ ಇರುವ ಎಣ್ಣೆ. ಬಿಚ್ಚಿದರೆ ಮೇಲಿನ ರಬ್ಬರ್ ಬುಷ್ ಕೊಳೆತ ಹಲಸಿನ ತೊಳೆಯ ಹಾಗೆ ಉಬ್ಬಿ ಪಿಸುಕುತ್ತಿತ್ತು. ಮುಟ್ಟಿದ ಕೈಯನ್ನು ಮೂರು ಸಲ ತೊಳೆದರೂ ಅಸಹ್ಯ ಹೋಗಲಿಲ್ಲ.

"ಕರಿ ಆಯಿಲ್ ಯಾರು ಹೊಡ್ದಿದ್ದು?" ಎಂದರು.

"ನಾನೇ."

"ರಬ್ಬರ್ ತಿಂದು ಹಾಕಿದೆ. ಸೀಲ್ ಹೋಗಿ ಎರಡು ಮೂರು ವರ್ಷ ಆಗಿರ್ಬೇಕು. ಸೋರಿದ್ದು ಗೊತ್ತಾಗೋದು ಹ್ಯಾಗೆ? ಮೇಲಿಂದ ನೀವೇ ಬಳ್ದಿದ್ದೀರಿ." ಬುಡದ ಬಳೆಯ ಮೇಲಿದ್ದ ಉಳಿಯ ಗಾಯಗಳನ್ನು ಬೆರಳಲ್ಲಿ ಸವರಿ, "ಇದ್ಯಾವ ಪುಣ್ಯಾತ್ಮ?" ಎಂದರು. ನಾನು ನಮ್ಮೂರಿನವನ ಹೆಸರು ಹೇಳಲಿಲ್ಲ.

ಶಿವಮೊಗ್ಗದಿಂದ ಹೊಸ ಜೋಡಿ ಬರಲು ಒಂದು ವಾರ ಹಿಡಿಯಿತು. ಹಾಕುವ ದಿನ ಪಕ್ಕದಲ್ಲೇ ಕೂತು ನೋಡಿದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಚಕ್ರದ ಕೆಳಗೆ ಮರದ ತುಂಡಿಟ್ಟು, ಒಂದು ಪಕ್ಕ ಬಿಚ್ಚಿ ಕೂರಿಸಿ, ಆಮೇಲೆ ಇನ್ನೊಂದು. ಹೊರಗೆ ಅಷ್ಟು ಆಯಿಲ್ ಕುಡಿದಿದ್ದರೂ ಕೆಳಗಿನ ಬೋಲ್ಟು ಒಳಗೊಳಗೇ ತುಕ್ಕು ಹಿಡಿದು ಬರಲೊಲ್ಲೆ ಎಂದಿತು. ಅದನ್ನು ಹೊಡೆದು ಕಳಚಬೇಕಾಯಿತು. ಹಳೆಯ ಎರಡನ್ನು ಒಯ್ಯುತ್ತೀರಾ ಎಂದು ಕೇಳಿದರು. ಕಣ್ಣೆದುರಿಗೇ ಬೇಡ ಎಂದೆ.

ಮನೆಗೆ ಬಂದವನು ಅಡುಗೆಮನೆಯ ಬಾಗಿಲಲ್ಲೇ ನಿಂತು ಎಲ್ಲ ಒದರಿದೆ. ಶಾಕ್ ಸತ್ತಿತ್ತು, ತಪ್ಪು ನನ್ನದು, ನಿನ್ನ ಸೊಂಟದ್ದಲ್ಲ, ತೂಕದ್ದಲ್ಲ. ಹೆಂಡತಿ ಒಲೆ ಸಣ್ಣ ಮಾಡಿ ಪೂರ್ತಿ ಕೇಳಿದಳು.

"ನಾ ಎರಡು ವರ್ಷ ಹೇಳ್ದೆ" ಎಂದಳು. "ಆ ಮೆಕ್ಯಾನಿಕ್ ಒಂದ್ಸಲ ಹೇಳಿದ್ದು ನಿಮಗೆ ನಿಜ ಆಯ್ತು."

ನಾನು ಹಿಂದೆ ಕೂತು ನೋಡಿದೆ ಎಂದೆ. ಅದನ್ನು ಹೇಳುವಾಗ ನನ್ನ ದನಿಯಲ್ಲಿ ಸಾಧನೆ ಮಾಡಿದವನ ಗತ್ತಿತ್ತು. ಥೂ.

ಆದರೂ ಭಾನುವಾರ ಅವಳು ಹತ್ತಿ ಕೂತಳು. ನಾನು ಕರೆಯುವ ಮೊದಲೇ ಹೆಲ್ಮೆಟ್ ಹಾಕಿಕೊಂಡು ಅಂಗಳಕ್ಕೆ ಬಂದಿದ್ದಳು. ಬೈಕು ಹೂವಿನ ಹಾಗೆ ಹೋಗುತ್ತಿತ್ತು. ಊರು ದಾಟಿದ ಮೇಲೆ ಒಂದು ಸಣ್ಣ ಹೊಂಡ ಬಂತು. ಆಮೆಯ ವೇಗದಲ್ಲಿ ಇಳಿಸಿ ಹತ್ತಿಸಿದೆ. ನನಗೇನೂ ತಿಳಿಯಲೇ ಇಲ್ಲ.

"ಹ್ಯಾಗಿದೆ?" ಎಂದು ಕೇಳಿದೆ.

ಅವಳ ಕೈ ನನ್ನ ಹೆಗಲನ್ನು ಬಿಗಿಯಾಗಿ ಹಿಡಿದಿತ್ತು. "ನೋಯ್ತಿದೆ" ಎಂದಳು.

ಹೊಸ ಶಾಕ್, ಹೇಗೆ ನೋಯುತ್ತದೆ? ಮಾತು ನಾಲಿಗೆಯ ತುದಿಗೆ ಬಂದಿತ್ತು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಆಡಿಯೇ ಬಿಡುತ್ತಿದ್ದೆ. ನುಂಗಿಕೊಂಡೆ. ಮೆಕ್ಯಾನಿಕ್ ಬಿಚ್ಚಿ ಬದಲಿಸಿದ್ದು ಬೈಕಿನದನ್ನು ಮಾತ್ರ; ವರ್ಷಗಟ್ಟಲೆ ಏಟು ತಿಂದ ಅವಳ ಸೊಂಟ ಹಾಗೇ ಇತ್ತು.

ಬೈಕನ್ನು ಅಂಚಿಗೆ ತಂದು ನಿಲ್ಲಿಸಿದೆ. ಅವಳು ನನ್ನ ತೋಳು ಹಿಡಿದು ನಿಧಾನವಾಗಿ ಇಳಿದಳು. ನಾನು ಎಂಜಿನ್ ಆಫ್ ಮಾಡಿ, ಎಲ್ಲಿ ನೋಯುತ್ತದೆ ಎಂದು ಕೇಳಿದೆ.