ಗಿರಣಿ ಕಾಕು ಕೇಳುತ್ತಿದ್ದ ಪ್ರಶ್ನೆ

ಹುಬ್ಬು, ರೆಪ್ಪೆ, ಮೂಗಿನ ತುದಿ, ಕಿವಿಯ ಬೆಂಡೋಲೆ, ಎಲ್ಲದರ ಮೇಲೂ ಜೋಳದ ಹಿಟ್ಟು. ಮಧ್ಯಾಹ್ನದ ಹೊತ್ತಿಗೆ ಗಿರಣಿ ಕಾಕುವಿನ ಮುಖದಲ್ಲಿ ಬಣ್ಣವೆಂಬುದು ಉಳಿದಿರುತ್ತಿದ್ದುದು ಎಲೆ ಅಡಿಕೆ ಹಾಕಿದ ಬಾಯಿಯಲ್ಲಿ ಮಾತ್ರ. ಹೊಸಬರು ಮುದುಕಿಯೆಂದೇ ತಿಳಿಯುತ್ತಿದ್ದರು. ಆಗ ಅವರಿಗೆ ಐವತ್ತೂ ಆಗಿರಲಿಲ್ಲ.

ಅಂಕಲಗಿ ದಾಟಿ ಸ್ವಲ್ಪ ಮುಂದೆ ಹೋದರೆ ನಮ್ಮೂರು. ಬಸ್ ಸ್ಟ್ಯಾಂಡಿನ ಬಾಜೂ ಅವರ ಹಿಟ್ಟಿನ ಗಿರಣಿ. ಗಂಡ ಹೊಲ ನೋಡಿಕೊಳ್ಳುತ್ತಿದ್ದರು. ಗಿರಣಿ ಪೂರ್ತಿ ಕಾಕುವಿನದು. ಕಾಕು ಎಂದರೆ ಚಿಕ್ಕಮ್ಮ; ಆದರೆ ನಮಗೆ ಅವರು ಸಂಬಂಧಿಕರಲ್ಲ, ಎದುರು ಮನೆಯವರು. ಗೋಕಾಕದ ಕಾಲೇಜಿಗೆ ಹೋಗುತ್ತಿದ್ದ ನಾನು ದಿನಾ ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದುದು ಅವರ ಗಿರಣಿಯ ಕಟ್ಟೆಯ ಮೇಲೆ.

ಆ ಕಟ್ಟೆಯ ಮೇಲೆ ನಡೆಯದ ಚರ್ಚೆಯಿಲ್ಲ. ಇಲೆಕ್ಷನ್ ಬಂದರಂತೂ ಒಂದು ಪಾರ್ಟಿಯವರು ಈ ಕಡೆ, ಇನ್ನೊಂದು ಪಾರ್ಟಿಯವರು ಆ ಕಡೆ. ದನಿ ಏರಿ ಯಾರಾದರೂ ಎದ್ದು ನಿಂತರೆ ಸಾಕು, ಕಾಕು ಗಿರಣಿಯ ಗುಂಡಿ ಒತ್ತಿಬಿಡುತ್ತಿದ್ದರು. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಇಬ್ಬರೂ ಬಾಯಿ ಆಡಿಸಿ ಆಡಿಸಿ ಸುಸ್ತಾಗಿ ಕುಳಿತ ಮೇಲೆಯೇ ಗಿರಣಿ ನಿಲ್ಲುತ್ತಿತ್ತು. "ನೀವು ಯಾರಿಗೆ ಹಾಕ್ತೀರಿ ಕಾಕು?" ಎಂದು ಕೇಳಿದರೆ, "ಅದು ನನ್ನ ಬೆರಳಿಗಷ್ಟ ಗೊತ್ತೈತಿ" ಎನ್ನುತ್ತಿದ್ದರು.

ಮೊಬೈಲ್ ಅವರಿಗೆ ಬೇಡವಾಗಿರಲಿಲ್ಲ. ಹಿಟ್ಟು ಹೋಗಬಾರದೆಂದು ಅದನ್ನು ಸಕ್ಕರೆಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟು, ಚೀಲದ ಮೇಲಿಂದಲೇ ಹುಕ್ಕೇರಿಯಲ್ಲಿದ್ದ ತಂಗಿಯ ಜೊತೆ ಲೂಡೋ ಆಡುತ್ತಿದ್ದರು. ಸೋತರೆ ಅರ್ಧ ದಿನ ತಂಗಿಯ ಫೋನ್ ಎತ್ತುತ್ತಿರಲಿಲ್ಲ. ಬರೆಯಲು ಬೇಸರವೆಂದು ನಮ್ಮ ಓಣಿಯ ಗ್ರೂಪಿಗೆ ಮಾತಾಡಿಯೇ ಕಳಿಸುತ್ತಿದ್ದರು. ತೆರೆದು ಕೇಳಿದರೆ ಬರೀ ಗಿರಣಿಯ ಸದ್ದು, ನಡುನಡುವೆ ಒಂದೆರಡು ಬೈಗುಳ.

ನಮ್ಮ ಓಣಿಯ ಹುಡುಗರು ಕಿವಿಗೆ ವಾಯರ್ ಸಿಕ್ಕಿಸಿಕೊಂಡು, ಹಿಂದಿಯಲ್ಲಿ ಕೂಗಾಡುತ್ತ ಬಂದೂಕಿನ ಆಟ ಆಡುವಾಗ ಅವರು ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದರು.

"ಯಾರನ್ನ ಹೊಡ್ಯಾಕತ್ತೀಪಾ?"

"ಯಾರೋ ಏನೋ, ಗೊತ್ತಿಲ್ರಿ ಕಾಕು."

"ಗುರುತಿಲ್ಲದಾಂವನ ಮ್ಯಾಲೆ ಇಷ್ಟ್ಯಾಕ ಸಿಟ್ಟು?"

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಯಾರೇ ಮೊಬೈಲ್ ಹಿಡಿದು ಹೊಸ ಸುದ್ದಿ ಹೇಳಲಿ, ಅವರದು ಒಂದೇ ಪ್ರಶ್ನೆ: "ನೀ ಕಣ್ಣಾರೆ ನೋಡೀಯೇನು?" ಹೇಳಲು ಬಂದವರ ಉತ್ಸಾಹ ಅಲ್ಲಿಗೇ ಇಳಿಯುತ್ತಿತ್ತು. ಹಳೇ ಕಾಲದವರು, ಇವರಿಗೇನು ತಿಳಿಯುತ್ತದೆ ಎಂದು ನಾನು ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಮೂಡಲಗಿಯ ಗೆಳತಿಯೊಬ್ಬಳು ನನಗೊಂದು ಮೆಸೇಜು ಕಳಿಸಿದಳು. ಮಕ್ಕಳ ಕಳ್ಳರು ಬಂದಿದ್ದಾರೆ, ಕಂಬಳಿ ಹೊದ್ದು ಊರೂರು ತಿರುಗುತ್ತಿದ್ದಾರೆ ಎಂದು. ಕೆಳಗೆ ಮಸುಕಾದ ಒಂದು ಫೋಟೋ. ನಾನು ಅದನ್ನು ನಮ್ಮ ಓಣಿಯ ಗ್ರೂಪಿಗೆ ಹಾಕಿದೆ. ಅಷ್ಟೇ ಅಲ್ಲ, "ಖರೆ ಐತಿ, ಎಲ್ಲಾರೂ ಹುಷಾರಿರ್ರಿ" ಎಂದು ಸ್ವಂತ ಕೈಯಿಂದ ಸೇರಿಸಿದೆ. ಕಾಲೇಜು ಓದುವವಳ ಮಾತೆಂದು ಎಲ್ಲರೂ ನಂಬಿದರು.

ಮರುದಿನ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಗದ್ದಲ. ಕಾಲೇಜಿಗೆ ರಜೆಯಿತ್ತು; ಮನೆಯಿಂದ ಓಡಿ ಬಂದು ನೋಡಿದರೆ ಇಪ್ಪತ್ತು ಮೂವತ್ತು ಜನ ಒಬ್ಬ ಮುದುಕನನ್ನು ಸುತ್ತುವರಿದಿದ್ದರು. ಹೆಗಲ ಮೇಲೆ ಕಂಬಳಿ. ಪಕ್ಕದಲ್ಲಿ ಐದಾರು ವರ್ಷದ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. "ಇಂವ ನಿನಗ ಏನಾಗಬೇಕು, ಹೇಳು" ಎಂದು ಗದರಿಸಿದಷ್ಟೂ ಅವಳ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಮುದುಕ ಏನೋ ಹೇಳುತ್ತಿದ್ದ, ಆ ಗದ್ದಲದಲ್ಲಿ ಯಾರೂ ಕಿವಿಗೊಡಲಿಲ್ಲ. ಯಾರೋ ಮುದುಕನ ತಲೆಗೆ ಸುತ್ತಿದ್ದ ಪಟಕಾ ಕಿತ್ತೆಸೆದರು. ಇನ್ನೊಬ್ಬ ಕಪಾಳಕ್ಕೆ ಹೊಡೆದ. ಮುದುಕನ ಕಿವಿಯ ಹತ್ತಿರ ರಕ್ತ ಕಂಡಿತು.

ಆಗ ಗಿರಣಿ ನಿಂತಿತು. ಬಿಳಿ ಮುಖದ ಕಾಕು ಜನರನ್ನು ಮೊಣಕೈಯಿಂದ ಸರಿಸುತ್ತ ಒಳನುಗ್ಗಿದರು. ಒಂದು ಕೈಯಲ್ಲಿ ಮುದುಕನ ರಟ್ಟೆ, ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿದು ಎಳೆದುಕೊಂಡು ಹೋಗಿ ಇಬ್ಬರನ್ನೂ ಗಿರಣಿಯೊಳಗೆ ಕೂರಿಸಿದರು. ತಾವು ಬಾಗಿಲಿಗೆ ಅಡ್ಡ ಕುಳಿತರು.

"ಇನ್ನ ಬರ್ರಿ. ನನ್ನ ತುಳದ ಒಳಗ ಹೋಗ್ರಿ ನೋಡೂಣು."

ಯಾರೂ ಮುಂದೆ ಬರಲಿಲ್ಲ.

"ಇಂವ ಕಳ್ಳ ಅಂತ ಯಾರು ನೋಡೀರಿ?"

"ಗ್ರೂಪಿನ್ಯಾಗ ಬಂದೈತ್ರಿ ಕಾಕು."

"ಯಾರು ಹಾಕ್ಯಾರು?"

ಜನ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು.

"ನೀ ನೋಡೀಯೇನವಾ?"

"ಇಲ್ರಿ" ಎಂದೆ. ನನಗೇ ಕೇಳಿಸಲಿಲ್ಲ.

"ಎಲ್ಲಾರಿಗೂ ಕೇಳೂಹಂಗ ಹೇಳು."

"ನಾ ನೋಡಿಲ್ರಿ. ಯಾರೋ ಕಳಿಸಿದ್ದು ಹಂಗ ಹಾಕೀನಿ."

ಕಾಕು ನನ್ನತ್ತ ಮತ್ತೆ ನೋಡಲಿಲ್ಲ. ಮಗುವಿಗೆ ನೀರು ಕುಡಿಸಿದರು. ಮುದುಕನ ಅಂಗಿಯ ಕಿಸೆಯಲ್ಲಿ ಒಂದು ಚೀಟಿಯಿತ್ತು, ಅದರಲ್ಲೊಂದು ನಂಬರು. ಪ್ಲಾಸ್ಟಿಕ್ ಚೀಲದಿಂದ ಫೋನ್ ತೆಗೆದು ಆ ನಂಬರಿಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ಆ ಕಡೆಯಿಂದ ಹೆಣ್ಣುಮಗಳೊಬ್ಬಳ ಸೋತ ದನಿ: "ಅಪ್ಪಾ, ಇನ್ನಾ ಬಸ್ ಸಿಕ್ಕಿಲ್ಲೇನು? ಕೂಸು ಏನರ ತಿಂದೈತೇನು?" ಆ ದನಿ ಕೇಳಿದ್ದೇ ಹುಡುಗಿ "ಅವ್ವಾ" ಎಂದು ಚೀರಿದಳು.

ಮುದುಕ ದಡ್ಡಿ ಎಂಬ ಊರಿನ ಕಡೆಯ ಕುರಿಗಾರ. ನಮ್ಮೂರಿನ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದ. ಮಗಳು ಗೋಕಾಕದ ದವಾಖಾನೆಯಲ್ಲಿ ಹೆರಿಗೆಗೆ ಸೇರಿದ್ದಳು. ಮೊಮ್ಮಗಳನ್ನು ತಾಯಿಯ ಹತ್ತಿರ ಕರೆದೊಯ್ಯಲು ಬಸ್ಸಿಗೆ ಕಾಯುತ್ತಿದ್ದ.

ಜನ ತಲೆ ತಗ್ಗಿಸಿ ಚದುರತೊಡಗಿದರು. ಪಟಕಾ ಕಿತ್ತವನೇ ಅದನ್ನು ಕೊಡವಿ ತಂದುಕೊಟ್ಟ. ಕಾಕು ಅವರ ಬೆನ್ನಿಗೆ ಹೇಳಿದರು: "ಈ ಫೋನಿನ್ಯಾಗ ಬರೇ ಹೇಳಾಕಷ್ಟ ಅಲ್ಲ, ಕೇಳಾಕೂ ಬರತೈತಿ."

ನನಗೆ ಹೇಳಿದ್ದು ಇಷ್ಟೇ: "ನೀನ ಹೋಗಿ ಇಬ್ರನ್ನೂ ಮುಟ್ಟಿಸಿ ಬಾ."

ಗೋಕಾಕದವರೆಗೆ ಮುದುಕ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದ. ಅತ್ತು ದಣಿದ ಹುಡುಗಿ ನನ್ನ ತೊಡೆಯ ಮೇಲೆಯೇ ನಿದ್ದೆ ಹೋದಳು. ದವಾಖಾನೆಯ ಬಾಗಿಲಲ್ಲಿ, "ಯಜ್ಜಾ, ನನ್ನಿಂದ ತಪ್ಪಾತ್ರಿ" ಎಂದೆ. ಅವನು ಮೊಮ್ಮಗಳ ಕೈ ಹಿಡಿದುಕೊಂಡು, "ಹೋಗವಾ, ಬಸ್ ತಪ್ಪೀತು" ಎಂದು ಒಳಗೆ ಹೋದ. ಕ್ಷಮಿಸಿದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಊರಿಗೆ ಮರಳುವಾಗ ಬಸ್ಸಿನಲ್ಲೇ ಗ್ರೂಪಿಗೆ ನನ್ನ ತಪ್ಪನ್ನು ಬರೆದು ಹಾಕಿದೆ. ಸ್ವಲ್ಪ ಹೊತ್ತಿನ ನಂತರ ಕಾಕುವಿನ ದನಿ ಬಂತು. ಹಿಂದೆ ಗಿರಣಿಯ ಸದ್ದಿರಲಿಲ್ಲ. "ಎಲ್ಲಿದ್ದೀ? ನಿಮ್ಮವ್ವ ದಾರಿ ನೋಡಾಕತ್ತಾಳ. ಲಗೂನ ಬಾ, ಉಣ್ಣುವಂತಿ."

ನನಗೆ ಮೂಡಲಗಿಯ ಶಾಲೆಯಲ್ಲಿ ಕೆಲಸ ಸಿಕ್ಕ ಮೇಲೆ ಊರಿಗೆ ಹೋಗುವುದು ಕಡಿಮೆಯಾಯಿತು. ಕಾಕುವಿಗೆ ಕೆಮ್ಮು ಹಿಡಿದು, ಬರಬರುತ್ತ ಉಸಿರಾಟವೂ ಕಷ್ಟವಾಯಿತು. ಕಳೆದ ವರ್ಷ ಒಂದು ರವಿವಾರ ನೋಡಲು ಹೋದಾಗ ಹಾಸಿಗೆಯ ಮೇಲಿದ್ದರು. ನನ್ನ ಕೈ ಹಿಡಿದುಕೊಂಡು, ತಡೆತಡೆದು ಹೇಳಿದರು:

"ಅವತ್ತ ನಿನ್ನ ಎಲ್ಲಾರ ಮುಂದ ನಿಲ್ಲಿಸಿ ಕೇಳಿದ್ನಲ್ಲ... ಅದು ನನ್ನ ಹೊಟ್ಟ್ಯಾಗ ಕುಂತಬಿಟ್ಟೈತವಾ. ಹರೇದ ಹುಡುಗಿ, ಎಷ್ಟ ನಾಚಿಕಿ ಆಗಿರಬೇಕು ನಿನಗ."

ಇಷ್ಟು ವರ್ಷ ಅದನ್ನು ಅವರೂ ಹೊತ್ತುಕೊಂಡಿದ್ದರೆಂದು ನನಗೆ ತಿಳಿದಿರಲಿಲ್ಲ.

"ನೀವು ಅವತ್ತ ಕೇಳದಿದ್ರ ನಾ ಬಾಯಿ ತೆರೀತಿದ್ದಿಲ್ರಿ ಕಾಕು. ಅಂವ ಸತ್ತಿದ್ರೂ ತೆರೀತಿದ್ದಿಲ್ಲ."

ಕಾಕು ಕಣ್ಣು ಮುಚ್ಚಿಕೊಂಡರು. "ಹಂಗಾದ್ರ ಛಲೋ ಆತು ಬಿಡು" ಎಂದು ಮಗ್ಗುಲು ಬದಲಿಸಿದರು. ಅವರಿಗೆ ನಿದ್ದೆ ಹತ್ತುವವರೆಗೂ ನಾನು ಅಲ್ಲೇ ಕುಳಿತಿದ್ದೆ. ಅದಾಗಿ ಹತ್ತು ದಿನಕ್ಕೆ ತೀರಿಕೊಂಡರು.

ಆ ಮಧ್ಯಾಹ್ನ ಅವರು ಬಾಗಿಲಿಗೆ ಅಡ್ಡ ಕೂತು ನನ್ನನ್ನು ಕೇಳದಿದ್ದರೆ ಒಬ್ಬ ಮುದುಕನ ಸಾವಿಗೆ ಕಾರಣಳಾಗಿ ನಾನು ಬದುಕಬೇಕಾಗುತ್ತಿತ್ತು. ಇದನ್ನು ಸಾಯುವ ಮುಂಚೆ ಅವರ ಕಿವಿಗೆ ಹಾಕಲು ಸಾಧ್ಯವಾಯಿತು, ನನಗಿರುವ ಸಮಾಧಾನ ಅದೊಂದೇ.