ಗಿಟಾರಿನ ಕೌದಿಗೆ ಒಂದು ತುತ್ತು

ಪುಣೆಯ ಕೊಂಢವಾ ಬಡಾವಣೆಯ ಇಳಿಜಾರಿನ ಓಣಿಗೆ ಹಾಲಿನ ಗಾಡಿ ಇನ್ನೂ ಬಂದಿಲ್ಲ. ತಗಡಿನ ಮಾಡಿನ ಒಂಟಿ ಕೋಣೆಯ ಬಾಗಿಲು ತೆರೆದು, ಒಳಗೆ ಬೆಳಕು ಬೀಳುವಲ್ಲಿ ಕಾಲು ಚಾಚಿ ಕುಳಿತ ಹುಲಿಗೆವ್ವ ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ಗುರಿ ತಪ್ಪುತ್ತದೆ. ದಾರಕ್ಕೆ ಎರಡು ಮಾತು ಬೈದು, ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಮತ್ತೆ ಪೋಣಿಸುತ್ತಾರೆ. ಅವರ ತೊಡೆಯ ಮೇಲೆ ಮಡಚಿದ ಗಿಟಾರಿನ ಅಳತೆಗೆ ಕೆತ್ತಿದ ಕಟ್ಟಿಗೆಯ ಅಚ್ಚು ಇದೆ. ಅದರ ಸುತ್ತ ಹಳೆಯ ಹತ್ತಿ ಸೀರೆಯ ಪದರಗಳು. ಇನ್ನು ಕೆಲವು ದಿನಗಳಲ್ಲಿ ಆ ಪದರಗಳು ಚೀಲವಾಗಿ, ಯಾರದೋ ಹೆಗಲೇರಿ, ಹುಲಿಗೆವ್ವ ಕಾಣದ ಊರುಗಳನ್ನು ನೋಡುತ್ತವೆ.

ಗಿಟಾರು ಮಡಚುವುದೆಂದರೇನು ಎಂದು ಹುಬ್ಬೇರಿಸುವವರು ಅದೇ ಓಣಿಯ ತುದಿಯಲ್ಲಿರುವ ಋಷಿಕೇಶರ ಕಾರ್ಯಾಗಾರಕ್ಕೆ ಹೋಗಬೇಕು. ಧಾರವಾಡದ ಕಡೆಯ ಮನೆತನದ ಋಷಿಕೇಶ ಮೊದಲು ಚಾಕಣದ ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗ ಮಾಡುತ್ತಿದ್ದವರು. ಈಗ ಕೈಯಿಂದಲೇ ಗಿಟಾರು ಮಾಡುತ್ತಾರೆ. ಕುತ್ತಿಗೆ ಒಡಲಿಗೆ ಸೇರುವಲ್ಲಿ ಅವರೊಂದು ಕೀಲು ಕೂರಿಸಿದ್ದಾರೆ. ತಂತಿ ಸಡಿಲಿಸಿ ಗುಂಡಿ ಒತ್ತಿದರೆ ಉದ್ದನೆಯ ಕುತ್ತಿಗೆ ಬಾಗಿ ಒಡಲ ಮೇಲೆ ಮಲಗುತ್ತದೆ, ವಿಮಾನದ ಸೀಟಿನ ಕೆಳಗೆ ಹಿಡಿಸುತ್ತದೆ. ಆದರೆ ಕುತ್ತಿಗೆಗೂ ಒಡಲಿಗೂ ನಡುವೆ ಮೆತ್ತನೆಯದೇನಾದರೂ ಬೇಕು, ಇಲ್ಲವಾದರೆ ತಂತಿಗಳು ಮರವನ್ನು ಗೀರಿಬಿಡುತ್ತವೆ. ಮೊದಲು ಅಂಗಡಿಯ ಸ್ಪಂಜು ಇಟ್ಟರು. ಪುಣೆಯ ಬೇಸಿಗೆಗೆ ಅದು ಪಾಲಿಶಿಗೆ ಅಂಟಿಕೊಂಡು ಮಾನ ಕಳೆಯಿತು.

ಆಗ ಹುಲಿಗೆವ್ವ ಅಲ್ಲಿ ಕಟ್ಟಿಗೆಯ ಹೊಟ್ಟು ಗುಡಿಸುವ ಕೆಲಸಕ್ಕಿದ್ದರು. ಮಧ್ಯಾಹ್ನ ಅವರು ಹಾಸಿಕೊಂಡು ಕೂರುತ್ತಿದ್ದ ತುಂಡು ಕೌದಿಯ ಮೇಲೆ ಋಷಿಕೇಶರ ಕಣ್ಣು ಬಿತ್ತು. ಹಳೆಯ ಸೀರೆ ಒಂದರ ಮೇಲೊಂದು ಪೇರಿಸಿ, ಒತ್ತಾಗಿ ಹೊಲಿದು ಮಾಡಿದ ಹಾಸಿಗೆ. ಕೇಳಿ ಇಸಿದುಕೊಂಡು ಗಿಟಾರಿನ ನಡುವೆ ಇಟ್ಟರು. ಬೇಸಿಗೆ ಕಳೆದರೂ ಅಂಟಲಿಲ್ಲ. ಆಮೇಲೆ ನಡುವಿನ ಮೆತ್ತೆಯೂ ಹೊರಗಿನ ಚೀಲವೂ ಒಂದೇ ಕೌದಿಯಾಯಿತು. ಅಂದಿನಿಂದ ಹುಲಿಗೆವ್ವನ ಕೈಗೆ ಪೊರಕೆಯ ಬದಲು ಸೂಜಿ ಬಂತು, ಕೆಲಸ ಮನೆಗೇ ಬಂತು.

ಕೊಪ್ಪಳದ ಕಡೆಯ ಹಳ್ಳಿಯಿಂದ ಗಂಡ ಯಮನೂರಪ್ಪನ ಜೊತೆ ಕಟ್ಟಡದ ಕೆಲಸಕ್ಕೆ ಬಂದವರು ಅವರು. ಈ ಸುತ್ತಿನ ಎತ್ತರದ ಕಟ್ಟಡಗಳಲ್ಲಿ ಕೆಲವನ್ನು ಬೆರಳು ತೋರಿಸಿ ‘ನಮ್ಮವು’ ಎಂದು ನಗುತ್ತಾರೆ. ಮಕ್ಕಳಾಗಲಿಲ್ಲ. ಒಂದು ಮಳೆಗಾಲದ ಜ್ವರದಲ್ಲಿ ಯಮನೂರಪ್ಪ ಹೋದರು. ನೆರೆಮನೆಯ ಗೋದಾಬಾಯಿಯ ಜೊತೆ ನೀರಿನ ಸರದಿಯಲ್ಲಿ ನಾಲ್ಕು ಮಾತು ಮರಾಠಿ ಆಗುತ್ತದೆ, ಕನ್ನಡ ಮಾತ್ರ ದಿನಗಟ್ಟಲೆ ಬಾಯಲ್ಲೇ ಉಳಿದುಬಿಡುತ್ತದೆ.

“ಊರಾಗ ಕೌದಿ ಹೊಲಿಯಾಕ ಕುಂತ್ರ ನಾಕ್ ಮೂಲಿಗೆ ನಾಕ್ ಮಂದಿ ಇರ್ತಿದ್ವಿರೀ. ಯಾರ ಅತ್ತಿ ಹೆಂಗ, ಯಾರ ಸೊಸಿ ಹೆಂಗ, ಎಲ್ಲಾ ಅದ್ರಾಗ ಹೊಲ್ದು ಹೋಗ್ತಿತ್ತು. ಇದು ನೋಡ್ರಿ, ಒಬ್ಬಾಕಿ ತೊಡಿ ಮ್ಯಾಲ ಮುಗುದು ಹೋಗ್ತೈತಿ,” ಎನ್ನುತ್ತಾರೆ ಹುಲಿಗೆವ್ವ.

ಆದರೂ ಊರಿನ ಒಂದು ಪದ್ಧತಿಯನ್ನು ಅವರು ಬಿಟ್ಟಿರಲಿಲ್ಲ. ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಅದರೊಳಗೆ ಉಗುರಿನಷ್ಟು ರೊಟ್ಟಿ ಇಟ್ಟು ಹೊಲಿಯುವುದು. “ಕೌದಿ ಹಸಗೊಂಡಿದ್ರ ಹೊತಗೊಂಡವ್ರಿಗೆ ನಿದ್ದಿ ಹತ್ತಂಗಿಲ್ಲರಿ. ಹೊಟ್ಟಿ ತುಂಬಿಸೇ ಕಳಸಬೇಕು.” ಗಿಟಾರಿನ ಚೀಲಗಳಿಗೂ ಹಾಗೆಯೇ ಉಣಿಸಿ ಕಳಿಸುತ್ತಿದ್ದರು. ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಅದರಲ್ಲೇನಿದೆ ಎಂಬುದು ಅವರ ಲೆಕ್ಕ.

ಹೇಳಬೇಕಿತ್ತು ಎಂಬುದು ಕಳೆದ ಚಳಿಗಾಲದಲ್ಲಿ ಗೊತ್ತಾಯಿತು. ಪುಣೆಯದೇ ವಿಮಾನ ನಗರ ಬಡಾವಣೆಯ ಮಿಥುನ ಎಂಬ ಹುಡುಗ ಗಿಟಾರು ಬೆನ್ನಿಗೇರಿಸಿಕೊಂಡು ಪರದೇಶಕ್ಕೆ ಹೊರಟ. ಹೊರಗಿನ ತಿನಿಸು ಒಳಗೆ ಬರಲೇಬಾರದೆಂದು ಕಟ್ಟುನಿಟ್ಟು ಮಾಡುವ ದೇಶ ಅದು. ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿಗಳು ಚೀಲದ ಮೂಲೆ ಕತ್ತರಿಸಿದರು, ಒಣಗಿದ ಜೋಳದ ರೊಟ್ಟಿಯ ಚೂರು ಮೇಜಿನ ಮೇಲೆ ಬಿತ್ತು. ವಿಚಾರಣೆ ಮುಗಿಯುವಷ್ಟರಲ್ಲಿ ಮಿಥುನನ ಮುಂದಿನ ವಿಮಾನ ಹಾರಿಹೋಗಿತ್ತು. ಯಾರೋ ತನಗೆ ಮಾಟ ಮಾಡಿಸಿದ್ದಾರೆಂದು ಅವನು ಋಷಿಕೇಶರಿಗೆ ಫೋನು ಮಾಡಿ ಮರಾಠಿಯಲ್ಲಿ ಕೂಗಾಡಿದ. ಪಾಪ, ಅಷ್ಟು ದೂರದಲ್ಲಿ ಚೀಲದಿಂದ ರೊಟ್ಟಿ ಹೊರಬಿದ್ದರೆ ಯಾರಿಗಾದರೂ ಗಾಬರಿಯೇ.

ಋಷಿಕೇಶ ಹುಲಿಗೆವ್ವನನ್ನು ಕರೆಸಿ, ರೊಟ್ಟಿ ಇಡುವ ಕಾರಣ ಕೇಳಿಕೊಂಡು, ಮೆಲ್ಲಗೆ ಹೇಳಿದರು, “ಇನ್ನ ಮ್ಯಾಲೆ ರೊಟ್ಟಿ ಬ್ಯಾಡ್ರಿ ಹುಲಿಗೆವ್ವಾರ. ಇನ್ನೊಮ್ಮೆ ಹಿಂಗಾತಂದ್ರ ನಮ್ಮ ಗಿಟಾರು ಯಾರೂ ಒಯ್ಯಂಗಿಲ್ಲ.”

ಹುಲಿಗೆವ್ವ ತಲೆಯಾಡಿಸಿ ಮನೆಗೆ ಬಂದರು. ಅರ್ಧ ಮುಗಿದಿದ್ದ ಚೀಲಗಳನ್ನು ಹೊಲಿದರು. ಕೊನೆಯ ಮೂಲೆಗೆ ಬಂದಾಗ ಕೈ ನಿಂತಿತು. ಹಾಗೆ ನಿಂತ ಚೀಲಗಳು ಒಂದೊಂದಾಗಿ ಗೋಡೆಯ ಮೊಳೆಗಳಿಗೆ ಏರಿದವು. ಅತ್ತ ಕಾರ್ಯಾಗಾರದಲ್ಲಿ ತಯಾರಾದ ಗಿಟಾರುಗಳು ಚೀಲವಿಲ್ಲದೆ ಕಾದವು, ಚೀಲದ ಕೆಲಸವನ್ನು ಮಷೀನಿನ ಟೇಲರನಿಗೆ ಕೊಡುವ ಮಾತೂ ಹುಲಿಗೆವ್ವನ ಕಿವಿಗೆ ಬಿತ್ತು.

“ಹೋದ್ರ ಹೋಗ್ಲಿ ಅನಕೊಂಡೆರಿ. ಉಪಾಸ ಕಳಸಾಕ ನನ್ ಕೈಲೆ ಆಗೂದಿಲ್ಲ. ಆದ್ರ ಕೈಯಾಗ ಸೂಜಿ ಇಲ್ಲದ ಈ ಮನಿ ಭಾಳ ದೊಡ್ದಾತು ನೋಡ್ರಿ,” ಎನ್ನುತ್ತಾ ಅವರು ಆ ಒಂಟಿ ಕೋಣೆಯನ್ನು ಒಮ್ಮೆ ಸುತ್ತಲೂ ನೋಡುತ್ತಾರೆ. ಚಾಪೆ ಬಿಡಿಸಿದರೆ ನಡೆಯಲು ಜಾಗವಿರದ ಕೋಣೆ ಅದು.

ಕೊನೆಗೆ ಋಷಿಕೇಶರೇ ಬಂದರು. ರೊಟ್ಟಿಯ ಬದಲು ಗಿಟಾರಿನ ಮರದ ಚಕ್ಕೆ ಇಟ್ಟು ಹೊಲಿದರೆ ಹೇಗೆ ಎಂದು ಕೇಳಲು ಜೇಬಿನಲ್ಲಿ ಒಂದಿಷ್ಟು ಚಕ್ಕೆ ತಂದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, ನಮ್ಮ ಕಡೆಯವರು ಯಾರನ್ನು ಕಂಡರೂ ಕೇಳುವ ಮಾತು ಕೇಳಿದರು, “ಊಟಾತೇನ್ರಿ?”

ಗಂಡ ಹೋದ ಮೇಲೆ ಆ ಮಾತನ್ನು ಹುಲಿಗೆವ್ವನ ಹೊಸ್ತಿಲಲ್ಲಿ ನಿಂತು ಯಾರೂ ಕೇಳಿರಲಿಲ್ಲ. ಹಿಂದಿನ ದಿನದಿಂದ ಬರೀ ಚಹಾದ ಮೇಲೆ ಇದ್ದರು, ಬುಟ್ಟಿಯಲ್ಲಿ ರೊಟ್ಟಿ ಮುಟ್ಟದೆ ಹಾಗೆಯೇ ಕಾಣುತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು.

“ಕೌದಿ ಉಪಾಸ ಕಳಸಬಾರದು ಅಂತೀರಿ. ನೀವ ಹಸಗೊಂಡು ಕುಂತೀರಲ್ರಿ,” ಎಂದ ಋಷಿಕೇಶ ಚಕ್ಕೆಯ ಮಾತು ಎತ್ತಲೇ ಇಲ್ಲ. ಬುಟ್ಟಿಯಲ್ಲಿದ್ದ ರೊಟ್ಟಿ ಮುರಿದು ಅವರ ಮುಂದಿಟ್ಟರು. ಹುಲಿಗೆವ್ವ ಆ ತುಂಡನ್ನು ಕೈಗೆತ್ತಿಕೊಂಡರು. ಆಮೇಲೆ ಮೊಳೆಯಿಂದ ಒಂದು ಚೀಲ ಇಳಿಸಿ, ತೆರೆದ ಮೂಲೆಗೆ ತುತ್ತು ಮುಟ್ಟಿಸಿ, ತಮ್ಮ ಬಾಯಿಗೆ ಇಟ್ಟುಕೊಂಡರು. ಅಗಿಯುತ್ತಲೇ ಮೂಲೆ ಹೊಲಿದರು.

ಈಗ ಚೀಲಗಳು ಯಾವ ದೇಶದ ಮೇಜಿನ ಮೇಲೂ ಸಿಕ್ಕಿಬೀಳುವುದಿಲ್ಲ. ಪ್ರತಿ ಚೀಲದ ಪಾಲಿನ ತುತ್ತನ್ನು ಹುಲಿಗೆವ್ವನೇ ಉಣ್ಣುತ್ತಾರೆ. “ನಾ ಉಂಡ್ರ ಅದು ಉಂಡಂಗ ರೀ,” ಎಂದು ದಾರ ಕಚ್ಚಿ ಹರಿಯುತ್ತಾರೆ. ಬೀದಿಯಲ್ಲಿ ಹಾಲಿನ ಗಾಡಿ ಬಂದು ನಿಂತಿದೆ, ಕೋಣೆಯಲ್ಲಿ ಅವರ ದನಿಯೊಂದೇ.

ಏನಾದರೂ ಆಸೆ ಇದೆಯೇ ಎಂದರೆ ಮೊದಲು ಏನೂ ಇಲ್ಲ ಎಂದು ಕೈಯಾಡಿಸುತ್ತಾರೆ. ಅಚ್ಚಿನ ಮೇಲಿನ ಸೀರೆಯನ್ನು ಅಂಗೈಯಿಂದ ಸವರುತ್ತಾ ಆಮೇಲೆ ಹೇಳುತ್ತಾರೆ.

“ಗಿಟಾರು ಒಯ್ದವ್ರು ಒಂದ್ ಸಲ ಕೇಳಿದ್ರ ಸಾಕ್ರಿ, ಇದನ್ನ ಹೊಲ್ದಾಕಿ ಉಂಡಾಳೇನು ಅಂತ. ಕೇಳಿದ್ರ, ಉಂಡಾಳ ಅಂತ ಹೇಳ್ರಿ.”