ಕಬ್ಬಾಳು ಬೆಟ್ಟದ ಬೆನ್ನ ಮೇಲೆ

ಹಾರೋಹಳ್ಳಿಯ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ನಾನು ಪ್ಯಾಂಟಿನ ಜೇಬು ಹೊಲಿಯುತ್ತಿದ್ದ ಕಾಲ. ಚಳಿಗಾಲದ ಒಂದು ಸಂಜೆ ಸೂಪರ್‌ವೈಸರ್ ಬಂದು, ಬಟ್ಟೆಯ ಲಾರಿ ಬಂದಿಲ್ಲ, ನಾಳೆ ನಿಮ್ಮ ಲೈನಿಗೆ ರಜೆ ಎಂದರು. ಹಬ್ಬವಿಲ್ಲ, ಮದುವೆಯಿಲ್ಲ, ಜ್ವರವಿಲ್ಲ, ಸುಮ್ಮನೆ ಒಂದು ರಜೆ. ಮನೆಯಲ್ಲಿ ಹೇಳಿದರೆ ಕಣದಲ್ಲಿ ರಾಗಿ ಕೇರುವ ಕೆಲಸ ಗ್ಯಾರಂಟಿ. ಹಾಗಾಗಿ ಹೇಳಬಾರದೆಂದು ನಾವು ಮೂವರು ಅಲ್ಲೇ ತೀರ್ಮಾನಿಸಿದೆವು.

ಮೂವರಲ್ಲಿ ಒಬ್ಬಳು ಸಾತನೂರಿನ ರೈತರ ಮನೆಯ ಹುಡುಗಿ, ನನ್ನದೇ ವಯಸ್ಸು. ನನ್ನ ಪಕ್ಕದ ಮೆಷಿನ್ನಿನಲ್ಲಿ ಬೆಲ್ಟ್ ಲೂಪು ಹಾಕುತ್ತಿದ್ದಳು. ಅವಳ ಬಾಯಿ ಮೆಷಿನ್ನಿಗಿಂತ ಜೋರು. ಇನ್ನೊಬ್ಬಳು ಗುಂಡಿ ಹಾಕುವವಳು. ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುವ ಮುಸ್ಲಿಮರ ಮನೆಯ ಮಗಳು, ಮದುವೆಯಾಗಿ ಕನಕಪುರಕ್ಕೆ ಬಂದಿದ್ದಳು. ನಮಗಿಂತ ಐದಾರು ವರ್ಷ ದೊಡ್ಡವಳಾದ್ದರಿಂದ ಅಕ್ಕ ಎನ್ನುತ್ತಿದ್ದೆವು.

"ಕಬ್ಬಾಳು ಬೆಟ್ಟ ಹತ್ತನ ಬನ್ರೇ. ನಂಗೆ ಅದು ನಮ್ಮನೆ ಹಿತ್ಲು ಇದ್ದಂಗೆ. ಕಣ್ಮುಚ್ಕೊಂಡು ಹತ್ತುಸ್ತೀನಿ" ಎಂದಳು ಸಾತನೂರಿನವಳು.

ಮಾರನೆಯ ದಿನ ಎಂದಿನಂತೆ ಊಟದ ಡಬ್ಬಿ ಹಿಡಿದು ಮನೆಯಿಂದ ಹೊರಟೆ. ಕನಕಪುರದಲ್ಲಿ ಅಕ್ಕ ಜೊತೆಯಾದಳು. ಹಾರೋಹಳ್ಳಿಯ ಬಸ್ಸು ಬಿಟ್ಟು ಸಾತನೂರಿನ ಬಸ್ಸು ಹತ್ತುವಾಗ ಇಬ್ಬರಿಗೂ ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರ ಎದೆಬಡಿತ. ಸಾತನೂರಿನಲ್ಲಿ ಇಳಿದಾಗ ಮೂರನೆಯವಳು ಕಾಯುತ್ತಿದ್ದಳು. ಆದರೆ ಎದುರಿಗೆ ಬಂದು ನಿಲ್ಲುವವರೆಗೂ ಕಾಣಲಿಲ್ಲ, ಮಂಜು ಅಷ್ಟಿತ್ತು. ಆಟೋ ಹಿಡಿದು ಕಬ್ಬಾಳಿಗೆ ಹೋದೆವು. ನಾವಿಬ್ಬರು ಕಬ್ಬಾಳಮ್ಮನಿಗೆ ಕೈಮುಗಿದು ಬರುವಷ್ಟರಲ್ಲಿ ಅಕ್ಕ ಗುಡಿಯ ಹೊರಗೆ ನಿಂತು ಆಕಾಶ ನೋಡುತ್ತಿದ್ದಳು.

"ಬೆಟ್ಟ ಎಲ್ಲೇ?" ಎಂದಳು.

ಬೆಟ್ಟ ಇರಬೇಕಾದ ಜಾಗದಲ್ಲಿ ಬರೀ ಬಿಳುಪು.

"ಇಲ್ಲೇ ಐತೆ ಕಣಕ್ಕ, ಎಲ್ಗೋಯ್ತದೆ? ಮೆಟ್ಲು ಮ್ಯಾಲೆ ಎಲ್ರೂ ಹತ್ತಾರೆ. ಹಿಂದ್ಗಡೆಯಿಂದ ಮೇಕೆ ದಾರಿ ಐತೆ. ಅರ್ಧ ಗಂಟೆ ಅಷ್ಟೇಯ."

ಮೇಕೆ ದಾರಿ ಇದ್ದದ್ದು ನಿಜ. ಒಂದಲ್ಲ, ಇಪ್ಪತ್ತಿದ್ದವು. ಪ್ರತಿ ಪೊದೆಯ ಹತ್ತಿರವೂ ದಾರಿ ಎರಡಾಗುತ್ತಿತ್ತು. ಅವಳು ಪ್ರತಿಸಲವೂ ಒಂದು ಕ್ಷಣ ನಿಂತು, ಬಹಳ ಯೋಚಿಸಿದವಳಂತೆ ಒಂದು ಕಡೆಗೆ ಕೈ ತೋರಿಸುತ್ತಿದ್ದಳು. ಲಾಂಟಾನದ ಮುಳ್ಳು ವೇಲಿಗೆ ಸಿಕ್ಕಿ ಮೂವರೂ ವೇಲನ್ನು ಸೊಂಟಕ್ಕೆ ಬಿಗಿದೆವು. ಚಪ್ಪಲಿ ಜಾರತೊಡಗಿದಾಗ ಕಳಚಿ ಚೀಲಕ್ಕೆ ತುರುಕಿದೆವು. ಅರ್ಧ ಗಂಟೆ ಕಳೆದು, ಇನ್ನೊಂದು ಗಂಟೆಯೂ ಕಳೆಯಿತು. ಕೊನೆಗೆ ಪೊದೆಯೂ ಮುಗಿದು ಬರೀ ಬಂಡೆ ಉಳಿಯಿತು. ಇಬ್ಬನಿಗೆ ನೆನೆದು ಎಣ್ಣೆ ಹಚ್ಚಿದಂತಿದ್ದ, ಎಲ್ಲಿಗೆ ಹೋಗುತ್ತದೆಂದು ತಿಳಿಯದ ಇಳಿಜಾರು ಬಂಡೆ.

"ಈಗ?" ಎಂದೆ.

"ಮ್ಯಾಲಕ್ಕೆ," ಎಂದಳು ನಮ್ಮ ಗೈಡು. ಧ್ವನಿ ಒಸಿ ತೆಳ್ಳಗಾಗಿತ್ತು.

ಅಕ್ಕ ಇಬ್ಬರನ್ನೂ ಸರಿಸಿ ತಾನು ಮುಂದಾದಳು. ಅಂಗೈಯಲ್ಲಿ ಕಲ್ಲನ್ನು ಸವರಿ ನೋಡಿ, "ನುಣ್ಣಗಿರೋ ಕಡೆ ಕಾಲು ಇಡಬೇಡಿ. ಒರಟಿರೋ ಕಡೆ ಇಡಿ. ಕೆಳಗೆ ನೋಡಬೇಡಿ," ಎಂದಳು. ಕೆಳಗೆ ನೋಡಿದರೂ ಕಾಣುವುದಕ್ಕೇನೂ ಇರಲಿಲ್ಲ. ನಾಲ್ಕು ಕಾಲಿನಲ್ಲಿ ತೆವಳುತ್ತ ಹೋದೆವು. ನನಗೆ ಕಾಣುತ್ತಿದ್ದದ್ದು ಮುಂದಿದ್ದ ಅಕ್ಕನ ಒಡೆದ ಹಿಮ್ಮಡಿಗಳು ಮಾತ್ರ. ಅವನ್ನೇ ನಂಬಿ ಹತ್ತುತ್ತಿದ್ದೆ.

ಆಗ ನನ್ನ ಚೀಲದಿಂದ ಡಬ್ಬಿ ಜಾರಿತು.

ಠಣ್ ಎಂದು ಒಮ್ಮೆ ಬಿತ್ತು. ಮತ್ತೆ ಠಣ್. ಆಮೇಲೆ ಬಹಳ ಹೊತ್ತು ಸದ್ದೇ ಇಲ್ಲ. ಇನ್ನೇನು ನಿಂತಿತು ಅನ್ನುವಾಗ ಎಲ್ಲೋ ಪಾತಾಳದಲ್ಲಿ ಸಣ್ಣದಾಗಿ ಇನ್ನೊಂದು ಠಣ್. ಎಷ್ಟು ಎತ್ತರದಲ್ಲಿದ್ದೇವೆಂದು ಗೊತ್ತಾದದ್ದೇ ಆಗ. ನಾನು ಎರಡೂ ಕೈಯಲ್ಲಿ ಬಂಡೆಯನ್ನು ಅವುಚಿಕೊಂಡೆ. "ಯಾ ಅಲ್ಲಾ," ಎಂದು ಅಕ್ಕ ಬಂಡೆಗೆ ಕೆನ್ನೆಯಿಟ್ಟು ಮಲಗಿಬಿಟ್ಟಳು.

ಕೆಳಗಿನ ಬಿಳುಪಿನೊಳಗಿಂದ ಒಂದು ಹೆಂಗಸಿನ ಧ್ವನಿ ಬಂತು.

"ಯಾವಳೇ ಅದು? ನನ್ ತಲೆ ಒಡಿಯಾಕೆ ಬಂದಿದ್ದೀರಾ?"

ಸಾತನೂರಿನವಳು ಕಣ್ಣು ಮುಚ್ಚಿಕೊಂಡು ಶುರುಮಾಡಿದಳು. "ತಪ್ಪಾಯ್ತು ತಾಯಿ, ಕಬ್ಬಾಳಮ್ಮಾ! ಮನೇಲಿ ಸುಳ್ಳೇಳಿ ಬಂದೀವಿ. ಈ ಬೆಟ್ಟಾನ ನಾನು ಹುಟ್ದಾಗಿಂದ ದೂರದಿಂದ ನೋಡಿರೋದೇಯ, ಒಂದ್ಸಲಾನೂ ಹತ್ತಿಲ್ಲ!"

ಅಷ್ಟು ಭಯದಲ್ಲೂ ಅಕ್ಕ ತಲೆಯೆತ್ತಿದಳು. "ಏನಂದೆ?"

"ಆಮ್ಯಾಕೆ ಬೈಯಿ ಅಕ್ಕ. ಮೊದ್ಲು ತಾಯಿ ಜೊತೆ ಮಾತಾಡ್ತೀನಿ."

"ತಾಯೀನೂ ಅಲ್ಲ, ನಾಯೀನೂ ಅಲ್ಲ," ಎಂದಿತು ಧ್ವನಿ. "ಅಲ್ಲೇ ಕುಂತ್ಕಳಿ. ಅಳ್ಳಾಡ್ಬ್ಯಾಡಿ. ನಾ ಬತ್ತೀನಿ."

ಬಂದದ್ದು ಅರವತ್ತು ದಾಟಿದ ಒಬ್ಬ ಅಜ್ಜಿ. ತಲೆಗೆ ಗೋಣಿಚೀಲದ ಕೊಪ್ಪೆ, ಒಂದು ಕೈಯಲ್ಲಿ ಕೋಲು, ಕಂಕುಳಲ್ಲಿ ನಜ್ಜುಗುಜ್ಜಾದ ನನ್ನ ಡಬ್ಬಿ. ನಾವು ಅಷ್ಟು ಹೊತ್ತು ತೆವಳಿದ ಬಂಡೆಯ ಮೇಲೆ ಅವಳು ಬೀದಿಯಲ್ಲಿ ನಡೆಯುವಂತೆ ನಡೆದು ಬಂದಳು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ಕೋಲಿನಿಂದ ಅಕ್ಕನ ಮುಂದೆ ತೋರಿಸಿದಳು.

"ಇನ್ ನಾಕು ಹೆಜ್ಜೆ ಹೋಗಿದ್ರೆ ಬಂಡೆ ಮುಗೀತಿತ್ತು ಕಣವ್ವ. ಆಮ್ಯಾಕೆ ಡಬ್ಬಿ ಹೋದ್ ದಾರೀಲೇ ನೀವೂ."

ಅಕ್ಕ ಮುಂದಿಟ್ಟಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.

ಅಜ್ಜಿ ಕೋಲಿನ ತುದಿಯನ್ನು ಅಕ್ಕನಿಗೆ ಕೊಟ್ಟಳು. ಅಕ್ಕನ ವೇಲು ನನ್ನ ಕೈಗೆ, ನನ್ನ ವೇಲು ಹಿಂದಿನವಳ ಕೈಗೆ. ಹೀಗೆ ರೈಲು ಮಾಡಿಕೊಂಡು ಬಂಡೆಯ ಪಕ್ಕಕ್ಕೆ ಸರಿದು, ಎರಡು ಗುಂಡುಕಲ್ಲುಗಳ ನಡುವೆ ನುಸುಳಿ ಹೊರಬಂದರೆ ಕಾಲಡಿ ಕಲ್ಲಿನಲ್ಲಿ ಕೊರೆದ ಮೆಟ್ಟಿಲು! ನಮ್ಮ ಗೈಡು ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಕೈ ಮುಗ್ದಿದ್ದು ಸಾಕು," ಎಂದಳು ಅಜ್ಜಿ. "ನನ್ ಮೇಕೆ ಒಂದು ಬೆಳಗ್ಗಿಂದ ಕಾಣ್ತಿಲ್ಲ. ಬನ್ನಿ, ಹುಡುಕನ."

ಇಳಿದು ಓಡಿಹೋಗುವ ಆಸೆ ನಮಗೆ. ಆದರೆ ಜೀವ ಉಳಿಸಿದವಳಿಗೆ ಇಲ್ಲ ಎನ್ನುವುದು ಹೇಗೆ? ಆ ಮೇಕೆಯ ಕೊರಳ ಗಂಟೆ ಮೇಲಿನಿಂದ ಆಗೊಮ್ಮೆ ಈಗೊಮ್ಮೆ ಕೇಳುತ್ತಿತ್ತು. ನಾವು ಹತ್ತಿದಷ್ಟೂ ಅದೂ ಮೇಲಕ್ಕೆ ಹೋಗುತ್ತಿತ್ತು. ಬೈದುಕೊಂಡು, ಏದುಸಿರು ಬಿಟ್ಟುಕೊಂಡು, ನಡುನಡುವೆ ಕೂತು ಹಿಂಬಾಲಿಸಿದೆವು. ಕಡೆಗೊಮ್ಮೆ ಮೆಟ್ಟಿಲು ಮುಗಿದವು. ಹಳೆಯ ಕೋಟೆಯ ಮುರಿದ ಗೋಡೆಯ ಮೇಲೆ ಮೇಕೆ ನಿಂತು ಏನನ್ನೋ ಅಗಿಯುತ್ತ, ಇಷ್ಟು ತಡವೇ ಎನ್ನುವಂತೆ ನಮ್ಮನ್ನು ನೋಡಿತು. ಬೆಟ್ಟದ ತುದಿ ಮುಟ್ಟಿದ್ದೆವು.

ಅಲ್ಲೇ ಕೂತು ಉಳಿದ ಎರಡು ಡಬ್ಬಿ ಬಿಚ್ಚಿದೆವು. ನನ್ನ ಡಬ್ಬಿಯ ಮುಚ್ಚಳವನ್ನು ಕಲ್ಲಿನಿಂದ ಕುಟ್ಟಿ ತೆಗೆದರೆ ಚಿತ್ರಾನ್ನ ಇಟ್ಟಿಗೆಯಾಗಿತ್ತು. ಅಜ್ಜಿ ಅದನ್ನೇ ಮುರಿದು ತಿಂದಳು.

"ಏನ್ ಕೆಲ್ಸ ನಿಮ್ದು?"

"ಪ್ಯಾಂಟ್ ಹೊಲಿತೀವಿ ಅಜ್ಜಿ," ಎಂದೆ ಹೆಮ್ಮೆಯಿಂದ.

"ಇಡೀ ಪ್ಯಾಂಟಾ?"

"ಇಲ್ಲ, ನಾನು ಜೇಬು ಮಾತ್ರ. ಅಕ್ಕ ಗುಂಡಿ. ಇವಳು ಬೆಲ್ಟ್ ಹಾಕೋ ಲೂಪು."

ಅಜ್ಜಿ ಅಗಿಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಅಂದ್ರೆ ಮೂರೂ ಜನ ಸೇರುದ್ರೂ ಒಂದು ಕಾಲು ತೂರ್ಸಕ್ಕೂ ಆಯ್ಕಿಲ್ಲ ಅನ್ನು."

ನಕ್ಕೂ ನಕ್ಕೂ ಅಕ್ಕನಿಗೆ ಬಿಕ್ಕಳಿಕೆ ಬಂತು. ಆ ಹೊತ್ತಿಗೇ ಮಂಜು ಒಂದು ಕಡೆ ಬಿರಿಯಿತು. ಕೆಳಗೆ ಹಿಪ್ಪುನೇರಳೆ ತೋಟದ ಪಟ್ಟಿಗಳು, ಒಂದು ಕೆರೆ, ರಸ್ತೆಯ ಮೇಲೆ ಒಂದು ಕೆಂಪು ಬಸ್ಸು. "ನಮ್ಮ ಅಬ್ಬಾ ಮರದಲ್ಲಿ ಇದಕ್ಕಿಂತ ದೊಡ್ಡ ಬಸ್ ಮಾಡ್ತಾರೆ," ಎಂದಳು ಅಕ್ಕ. ನೋಡನೋಡುತ್ತ ಮತ್ತೆ ಎಲ್ಲ ಮುಚ್ಚಿಹೋಯಿತು.

ಮೆಟ್ಟಿಲಿನಲ್ಲೇ, ಮೇಕೆಯ ಹಿಂದೆ ಮರ್ಯಾದೆಯಿಂದ ಇಳಿದೆವು. ಅಜ್ಜಿ ಬುಡದಲ್ಲಿ ತನ್ನ ಮಂದೆಯ ಕಡೆಗೆ ತಿರುಗಿ ಹೋದಳು, ಹೆಸರು ಕೇಳಬೇಕೆಂದು ನಮಗೆ ಹೊಳೆಯಲೂ ಇಲ್ಲ.

ಸಾತನೂರಿನಲ್ಲಿ ನಮ್ಮಿಬ್ಬರನ್ನು ಬಸ್ಸು ಹತ್ತಿಸಲು ನಮ್ಮ ಗೈಡೂ ನಿಂತಿದ್ದಳು. ಬಸ್ಸು ಬಂತು, ನಾವು ಹತ್ತಿ ಕಿಟಕಿಯ ಹತ್ತಿರ ಕೂತೆವು. ಅಷ್ಟರಲ್ಲಿ ಡೇರಿಗೆ ಹಾಲು ಹಾಕಲು ಕ್ಯಾನು ಹಿಡಿದು ಬರುತ್ತಿದ್ದ ಅವರಪ್ಪ ಅವಳ ಎದುರಿಗೇ ನಿಂತರು.

"ಏನವ್ವಾ, ಇವತ್ತು ಫ್ಯಾಕ್ಟ್ರೀಲಿ ಬಿರ್ನೆ ಬುಟ್ಬುಟ್ರಾ?"

"ಹೂಂ ಕಣಪ್ಪ, ಕರೆಂಟು ಇರ್ನಿಲ್ಲ," ಎಂದಳು ರೆಪ್ಪೆ ಮಿಟುಕಿಸದೆ.

ಅಪ್ಪ ಅವಳ ಜಡೆಯಿಂದ ಗೇಣುದ್ದದ ಒಂದು ಮುಳ್ಳುಕಡ್ಡಿಯನ್ನು ಮೆಲ್ಲಗೆ ಬಿಡಿಸಿ ಅವಳ ಮುಖದ ಮುಂದೆ ಹಿಡಿದರು. ಅವಳು ಏನು ಹೇಳಿದಳೋ, ಬಸ್ಸು ಹೊರಟುಬಿಟ್ಟಿತು. ನಾನೂ ಅಕ್ಕನೂ ಮುಂದಿನ ಸೀಟಿನ ಹಿಂದೆ ತಲೆ ತಗ್ಗಿಸಿಕೊಂಡು, ಬಾಯಿಗೆ ವೇಲು ತುರುಕಿ, ಕನಕಪುರದವರೆಗೂ ನಕ್ಕೆವು.